ನಾಯಿಯ ರಹದಾರಿ

1968ನೆಯ ಇಸವಿಯ ವಸಂತದಲ್ಲಿ ಲಂಡನ್ ನಗರದ ಥೇಮ್ಸ್ ನದಿಯಲ್ಲಿ ಒಂದು ವಿಹಾರನೌಕೆ ಲಂಗರು ಹಾಕಿ ನಿಂತಿತ್ತು. ಅದನ್ನು ಬಾಡಿಗೆಗೆ ಹಿಡಿದಿದ್ದವರು ಚಲನಚಿತ್ರ ನಟರಾದ ಎಲಿಜಬೆತ್ ಟೇಲರ್ ಮತ್ತು ರಿಚರ್ಡ್ ಬರ್ಟನ್. ದಂಪತಿಗಳಿಬ್ಬರೂ ಚಿತ್ರೀಕರಣದ ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದಿದ್ದರು. ಅವರು ನೆಲದ ಮೇಲೆ ಓಡಾಡಿಕೊಂಡಿರಲು ಯಾರ ಅಡ್ಡಿಯೂ ಇರಲಿಲ್ಲ. ಅಡ್ಡಿ ಇದ್ದದ್ದು ಅವರೊಡನೆ ಬಂದಿದ್ದ ನಾಯಿಗಳಿಗೆ. ನಾಯಿ ಒಮ್ಮೆ ಇಂಗ್ಲೆಂಡಿನ ಮಣ್ಣಿನ ಮೇಲೆ ಕಾಲಿಟ್ಟಿತೆಂದರೆ ಆರು ತಿಂಗಳು ಸರ್ಕಾರ ಒಪ್ಪಿದ ಕೊಟ್ಟಿಗೆಯಲ್ಲಿ ಒಂಟಿಯಾಗಿ ಇರಬೇಕು. ಮಣ್ಣನ್ನು ಮುಟ್ಟದೆ ನೀರಿನ ಮೇಲೆಯೇ ಇದ್ದರೆ ಕಾನೂನಿನ ಕೈ ಅದರ ಮೇಲೆ ಬೀಳದು. ಹೀಗಾಗಿ ನಾಯಿಗಳು ನದಿಯಲ್ಲಿ, ಒಡೆಯರು ಊರಿನಲ್ಲಿ. ಪತ್ರಿಕೆಗಳಿಗೆ ಇದು ಒಳ್ಳೆಯ ತಮಾಷೆಯ ಸುದ್ದಿಯಾಯಿತು. ಹಣವುಳ್ಳವರ ಚೇಷ್ಟೆಯೆಂದು ನಾವೂ ನಕ್ಕು ಸುಮ್ಮನಾಗಬಹುದು. ಆದರೆ ಲೋಕದ ಅತಿ ಪ್ರಸಿದ್ಧ ನಟಿಯೊಬ್ಬಳೂ ಬಾಗಿಲು ತೆರೆಸಲಾರದೆ ನೀರಿನ ಮೇಲೆ ಉಪಾಯ ಹುಡುಕಬೇಕಾಯಿತೆಂದರೆ, ಆ ಬಾಗಿಲನ್ನು ಅಷ್ಟು ಗಟ್ಟಿಯಾಗಿ ಮುಚ್ಚಿದ್ದ ಭಯ ಯಾವುದು ಎಂದು ಕೇಳಬೇಕಾಗುತ್ತದೆ.

ಸಾಕಿದ ಪ್ರಾಣಿಯನ್ನು ಪರದೇಶಕ್ಕೆ ಕರೆದೊಯ್ಯುವ ಸಿದ್ಧತೆಯ ಬಗ್ಗೆ ಈ ದಿನ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ವಿಷಯ ಮೇಲುನೋಟಕ್ಕೆ ಸಣ್ಣದು. ಕಚೇರಿಯ ಕಾಗದಗಳ, ಪಶುವೈದ್ಯರ ಮೊಹರುಗಳ, ವಿಮಾನದ ಪೆಟ್ಟಿಗೆಗಳ ವಿಷಯ. ಆದರೆ ಆ ಒಂದೊಂದು ಕಾಗದದ ಹಿಂದೆಯೂ ನೂರಾರು ವರ್ಷಗಳ ಇತಿಹಾಸವಿದೆ. ಆ ಇತಿಹಾಸದಲ್ಲಿ ನಮ್ಮ ದೇಶಕ್ಕೂ ಪಾಲುಂಟು.

ಗಡಿಯಲ್ಲಿ ನಾಯಿಯನ್ನು ತಡೆದು ನಿಲ್ಲಿಸಿದ ಮೊದಲ ಅಧಿಕಾರಿ ನಮ್ಮ ಪುರಾಣದ ಇಂದ್ರನೇ ಎನ್ನಬೇಕು. ಮಹಾಪ್ರಸ್ಥಾನದ ಕೊನೆಯಲ್ಲಿ ತಮ್ಮಂದಿರೂ ದ್ರೌಪದಿಯೂ ಬಿದ್ದ ಮೇಲೆ ಧರ್ಮರಾಯನ ಹಿಂದೆ ಉಳಿದದ್ದು ಒಂದು ನಾಯಿ ಮಾತ್ರ. ರಥವನ್ನು ತಂದ ಇಂದ್ರ, ನಾಯಿಗೆ ಸ್ವರ್ಗದಲ್ಲಿ ಎಡೆಯಿಲ್ಲವೆಂದ. ನಂಬಿ ಬಂದದ್ದನ್ನು ಬಿಟ್ಟು ತಾನೂ ಬರಲೊಲ್ಲೆನೆಂದ ಧರ್ಮರಾಯ. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಈ ಪ್ರಸಂಗ ಅವನ ಕೈಯಲ್ಲಿ ಏನಾಗುತ್ತಿತ್ತೆಂಬುದು ನಮಗೆ ಸಿಕ್ಕದೆ ಹೋಯಿತು. ಉಳಿದ ಪರ್ವಗಳನ್ನು ಕನ್ನಡಿಸುವ ಭಾರ ತಿಮ್ಮಣ್ಣ ಕವಿಯ ಮೇಲೆ ಬಿತ್ತು. ಇರಲಿ. ಅಲ್ಲಿ ಇಂದ್ರನ ಆಕ್ಷೇಪಣೆ ಇದ್ದದ್ದು ಮಡಿಯ ಬಗ್ಗೆ, ರೋಗದ ಬಗ್ಗೆಯಲ್ಲ. ಇನ್ನು ಇತಿಹಾಸಕ್ಕೆ ಬಂದರೆ, ನಮ್ಮ ಮಂಡ್ಯ ಸೀಮೆಯ ಆತಕೂರಿನ ಕಲ್ಲನ್ನು ನೀವು ಬಲ್ಲಿರಿ. ಕ್ರಿ.ಶ. 950ರ ಸುಮಾರಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಕಡೆಯ ಮಣಲೇರನೆಂಬ ವೀರ, ಮೆಚ್ಚಿದ ಒಡೆಯನಿಂದ ಊರನ್ನೋ ಹೊನ್ನನ್ನೋ ಕೇಳದೆ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೊಂದು ವೀರಗಲ್ಲನ್ನು ನಿಲ್ಲಿಸಿದ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ, ಒಂದು ನಾಡಿನಿಂದ ಇನ್ನೊಂದು ನಾಡಿಗೆ ನಾಯಿ ಹೀಗೆ ದಾನವಾಗಿಯೋ ಮೆಚ್ಚುಗೆಯಾಗಿಯೋ ಹೋಗುತ್ತಿದ್ದ ಕಾಲದಲ್ಲಿ ಅದಕ್ಕೆ ರಹದಾರಿಯನ್ನು ಯಾರೂ ಕೇಳಿರಲಾರರು.

ಕೇಳುವಂತೆ ಮಾಡಿದ್ದು ಹುಚ್ಚುನಾಯಿ ರೋಗ. ಇಂದು ನಾವು ರೇಬೀಸ್ ಎನ್ನುತ್ತೇವೆ. ಮನುಷ್ಯನಿಗೆ ತಗುಲಿದಾಗ ನೀರನ್ನು ಕಂಡರೆ ಗಂಟಲು ಬಿಗಿಯುವುದರಿಂದ ಜಲಭೀತಿ ಎಂಬ ಹೆಸರೂ ಉಂಟು. ಈ ರೋಗದ ನಡೆಯನ್ನು ಸ್ವಲ್ಪ ವಿವರಿಸದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ನಾಯಿಯ ಪ್ರಯಾಣದ ಎಲ್ಲ ಕಾನೂನುಗಳೂ ಈ ನಡೆಯನ್ನು ನೋಡಿಕೊಂಡೇ ಹುಟ್ಟಿದವು. ಕಚ್ಚಿದ ಗಾಯದಲ್ಲಿ ಹೊಕ್ಕ ವೈರಸ್ಸು ರಕ್ತದ ದಾರಿಯನ್ನು ಹಿಡಿಯುವುದಿಲ್ಲ. ನರಗಳ ದಾರಿಯಲ್ಲಿ ನಿಧಾನವಾಗಿ ಮಿದುಳಿನ ಕಡೆಗೆ ಏರುತ್ತದೆ. ಕೆಲವು ವಾರಗಳಾಗಬಹುದು, ತಿಂಗಳುಗಳಾಗಬಹುದು. ಅಷ್ಟು ದಿನವೂ ಪ್ರಾಣಿ ಉಣ್ಣುತ್ತದೆ, ಆಡುತ್ತದೆ, ಒಡೆಯನ ಕಾಲನ್ನು ನೆಕ್ಕುತ್ತದೆ. ಮಿದುಳನ್ನು ಮುಟ್ಟಿದ ಮೇಲೆ ಅಲ್ಲಿಂದ ಜೊಲ್ಲಿಗೆ ಇಳಿಯುತ್ತದೆ. ಲಕ್ಷಣಗಳು ಕಂಡ ಮೇಲೆ ಮನುಷ್ಯನಾಗಲಿ ನಾಯಿಯಾಗಲಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ಪ್ಲೇಗು ಕಾಲರಾಗಳು ಬಂದದ್ದು ಬೇಗ ತಿಳಿಯುತ್ತದೆ. ಇದು ಮಾತ್ರ ಮೌನವಾಗಿ ಹಡಗು ಹತ್ತಿ, ಸಮುದ್ರವನ್ನು ದಾಟಿ, ಮನೆಯ ಒಲೆಯ ಪಕ್ಕದಲ್ಲಿ ಮಲಗಿ, ಆಮೇಲೆ ಏಳಬಲ್ಲದು.

ಇಂಥ ರೋಗಕ್ಕೆ ಹಳೆಯ ಕಾಲದವರಿಗೆ ತಿಳಿದಿದ್ದ ಒಂದೇ ಪರೀಕ್ಷೆ ಕಾಲ. ಕಾದು ನೋಡುವುದು. ಕ್ವಾರಂಟೈನ್ ಎಂಬ ಪದವೇ ಇಟಲಿಯ ನಲವತ್ತು ಎಂಬ ಸಂಖ್ಯೆಯಿಂದ ಬಂದದ್ದು. ಪ್ಲೇಗಿನ ಊರುಗಳಿಂದ ಬಂದ ಹಡಗುಗಳನ್ನು ನಲವತ್ತು ದಿನ ಬಂದರಿನ ಹೊರಗೆ ನಿಲ್ಲಿಸುತ್ತಿದ್ದರಂತೆ. ನಾಯಿಗೆ ನಲವತ್ತು ದಿನ ಸಾಲದು. ಎಷ್ಟು ಸಾಕು ಎಂಬ ಪ್ರಶ್ನೆಗೆ ಬ್ರಿಟನ್ನು ಕಂಡುಕೊಂಡ ಉತ್ತರ ಆರು ತಿಂಗಳು.

ಆ ಉತ್ತರ ಸುಲಭವಾಗಿ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಬೀದಿಗಳಲ್ಲಿ ಹುಚ್ಚುನಾಯಿಗಳಿದ್ದವು, ಜಲಭೀತಿಯಿಂದ ಸಾಯುವ ಜನರೂ ಇದ್ದರು. 1895ರಲ್ಲಿ ಕೃಷಿ ಮಂಡಳಿಯ ಅಧ್ಯಕ್ಷನಾದ ವಾಲ್ಟರ್ ಲಾಂಗ್ ಎಂಬಾತ 1897ರಿಂದ, ರೋಗವಿದ್ದ ಪ್ರದೇಶಗಳಲ್ಲೆಲ್ಲ ನಾಯಿಗಳ ಬಾಯಿಗೆ ಕುಕ್ಕೆ ಕಟ್ಟಲೇಬೇಕೆಂದು ಕಟ್ಟುನಿಟ್ಟಾಗಿ ಆಜ್ಞೆ ಮಾಡಿಸಿದ. ಒಕ್ಕಣೆಯ ಕಣದಲ್ಲಿ ಎತ್ತು ಧಾನ್ಯಕ್ಕೆ ಬಾಯಿ ಹಾಕದಿರಲೆಂದು ನಮ್ಮ ರೈತರು ಕಟ್ಟುತ್ತಾರಲ್ಲ, ಅಂಥದೇ. ಅದು ಹಗ್ಗದ್ದು, ಇದು ತಂತಿಯದು. ದೇಶದಲ್ಲಿ ಕೋಲಾಹಲವೆದ್ದಿತು. ನಾಯಿಗಳ ರಕ್ಷಣೆಗೆಂದೇ 1891ರಲ್ಲಿ ಸ್ಥಾಪಿತವಾಗಿದ್ದ ಸಂಘ ವಿರೋಧಿಸಿತು. ಉಪದ್ರವಕ್ಕಿಂತ ಉಪಚಾರವೇ ಕ್ರೂರ ಎಂದರು ಕೆಲವರು. ರೋಗವೆಂಬುದೇ ವೈದ್ಯರ ಕಟ್ಟುಕಥೆ ಎಂದವರೂ ಇದ್ದರು. ಅವರ ಕೋಪಕ್ಕೆ ನ್ಯಾಯವಾದ ಒಂದು ಕಾರಣವೂ ಇತ್ತೆಂದು ನನಗೆ ತೋರುತ್ತದೆ: ಶ್ರೀಮಂತ ಜಮೀನುದಾರರ ಬೇಟೆನಾಯಿಗಳಿಗೆ ಬೇಟೆಯ ವೇಳೆಯಲ್ಲಿ ಕುಕ್ಕೆಯಿಂದ ವಿನಾಯಿತಿ ಸಿಕ್ಕಿತು, ಊರಿನ ಬಡವನ ನಾಯಿಗೆ ಸಿಗಲಿಲ್ಲ. ಕುರುಬರ ನಾಯಿಗಳಿಗೂ ಕೆಲಸದ ಸಮಯದಲ್ಲಿ ವಿನಾಯಿತಿ ಇತ್ತೆಂಬುದನ್ನು ಹೇಳದಿದ್ದರೆ ಲಾಂಗ್‌ಗೆ ಅನ್ಯಾಯವಾದೀತು. ಹೇಗಾದರೂ ಆತ ಜಗ್ಗಲಿಲ್ಲ.

ಒಳಗಿನ ರೋಗವನ್ನು ಕುಕ್ಕೆಯಿಂದ ಕಟ್ಟಿದರೆ ಸಾಲದು, ಹೊರಗಿನದು ಬಾರದಂತೆ ಬಾಗಿಲು ಹಾಕಬೇಕು. ಅದೇ 1897ರಲ್ಲಿ ಹೊರದೇಶದ ನಾಯಿಗಳಿಗೆ ಪರವಾನಗಿಯ ಪದ್ಧತಿ ಬಂದಿತು. 1901ರಲ್ಲಿ ಆರು ತಿಂಗಳ ಪ್ರತ್ಯೇಕವಾಸ ನಿಗದಿಯಾಯಿತು. 1902ಕ್ಕೆ ಬ್ರಿಟನ್ನಿನಲ್ಲಿ ರೋಗ ನಿರ್ಮೂಲವಾಯಿತು. ನಾಯಿಗಳಿಗೆ ಸಾಮೂಹಿಕವಾಗಿ ಹಾಕಬಹುದಾದ ಲಸಿಕೆ ಇನ್ನೂ ಇಲ್ಲದಿದ್ದ ಕಾಲದಲ್ಲಿ ತಂತಿಯ ಕುಕ್ಕೆ, ಬೀದಿನಾಯಿಗಳನ್ನು ಹಿಡಿಯುವ ಪೊಲೀಸರು, ಸುತ್ತಲಿನ ಸಮುದ್ರ, ಇಷ್ಟರಿಂದಲೇ ಒಂದು ದೇಶ ಈ ರೋಗದಿಂದ ಬಿಡುಗಡೆ ಹೊಂದಿತೆಂಬುದು ಸಾಮಾನ್ಯ ಸಂಗತಿಯಲ್ಲ. ಬಿರುಕು ಬಿಟ್ಟದ್ದು ಮೊದಲ ಮಹಾಯುದ್ಧದ ಕೊನೆಯಲ್ಲಿ. ಯುದ್ಧಭೂಮಿಯಿಂದ ಮರಳುತ್ತಿದ್ದ ಸೈನಿಕರು ಅಲ್ಲಿ ಒಡನಾಡಿಯಾಗಿದ್ದ ನಾಯಿಗಳನ್ನು ಬಿಟ್ಟುಬರಲಾರದೆ ಕದ್ದು ತಂದರೆಂದೂ, ರೋಗ ಹಾಗೆ ಬಂದಿತೆಂದೂ ನಂಬಲಾಗಿದೆ. 1918ರಲ್ಲಿ ಪ್ಲಿಮತ್ ಸುತ್ತಮುತ್ತ ಕಾಣಿಸಿಕೊಂಡದ್ದನ್ನು ಮತ್ತೆ ಅಳಿಸಲು 1922ರ ತನಕ ಹಿಡಿಯಿತು. ಕಂದಕಗಳ ಕೆಸರಿನಲ್ಲಿ ಜೊತೆಗಿದ್ದ ಪ್ರಾಣಿಯನ್ನು ಕೋಟಿನೊಳಗೆ ಮುಚ್ಚಿಕೊಂಡು ಬಂದ ಸಿಪಾಯಿಯನ್ನು ಅಪರಾಧಿಯೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಧರ್ಮರಾಯನ ಹಟಕ್ಕೂ ಬೆಲೆ ತೆರಬೇಕಾಗುವ ಸಂದರ್ಭಗಳುಂಟು.

ಈ ಕಾಲದಲ್ಲಿ ನಮ್ಮ ದೇಶದ ಸ್ಥಿತಿ ಏನಿತ್ತು? 1885ರ ಜುಲೈ 6ರಂದು ಪಾಶ್ಚರ್ ಪ್ಯಾರಿಸಿನಲ್ಲಿ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಕೊಡಿಸಿ ಬದುಕಿಸಿದ ಮೇಲೆ, ಭಾರತದಲ್ಲಿ ಹುಚ್ಚುನಾಯಿ ಕಚ್ಚಿದ ಬಿಳಿಯರನ್ನು ಹಡಗಿನಲ್ಲಿ ಪ್ಯಾರಿಸಿಗೇ ಕಳುಹಿಸುತ್ತಿದ್ದುದುಂಟು. ಉಳಿದವರಿಗೆ ಮಂತ್ರ, ತಾಯಿತ, ಕಾದ ಕಬ್ಬಿಣ. 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಮೊದಲ ಪಾಶ್ಚರ್ ಸಂಸ್ಥೆ ಪ್ರಾರಂಭವಾಯಿತು. ದಕ್ಷಿಣದವರಿಗೆ ಕಸೌಲಿಯೂ ಒಂದು ಪರದೇಶವೇ. 1902ರಲ್ಲಿ ಲಿಲಿ ಪೇಕನ್‌ಹ್ಯಾಮ್ ವಾಲ್ಷ್ ಎಂಬ ಯುವತಿ ಅಲ್ಲಿಯ ಚಿಕಿತ್ಸೆ ಸಕಾಲಕ್ಕೆ ದೊರೆಯದೆ ಜಲಭೀತಿಯಿಂದ ತೀರಿಕೊಂಡಳು. ಅದರಿಂದ ಎದ್ದ ಒತ್ತಾಯ, ಅಮೆರಿಕದ ಹೆನ್ರಿ ಫಿಪ್ಸ್ ಕೊಟ್ಟ ದಾನ, ಇವು ಸೇರಿ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ದಕ್ಷಿಣದ ಸಂಸ್ಥೆ ಸ್ಥಾಪಿತವಾಯಿತು. 1911ರಲ್ಲಿ ಡೇವಿಡ್ ಸೆಂಪಲ್ ಕಸೌಲಿಯಲ್ಲಿ ಕುರಿಯ ಮಿದುಳಿನಿಂದ ತಯಾರಿಸಿದ ಲಸಿಕೆಯೇ ಆಮೇಲೆ ಬಹುಕಾಲ ನಮ್ಮ ಜನರ ಪಾಲಿನ ಔಷಧವಾಯಿತು. ಹೊಟ್ಟೆಯ ಸುತ್ತ ಹದಿನಾಲ್ಕು ಸೂಜಿಗಳ ಮಾತನ್ನು ಕೇಳಿ ಬೆಳೆದವರು ಈ ಪುಟವನ್ನು ಓದುವವರಲ್ಲಿ ಅನೇಕರಿದ್ದೀರಿ. ಆ ಬಗೆಯ ಲಸಿಕೆಯನ್ನು ನಮ್ಮ ದೇಶ ಕೈಬಿಟ್ಟದ್ದು 2004ರಲ್ಲಿ.

ಹೀಗೆ ಒಂದೇ ಸಾಮ್ರಾಜ್ಯದ ಒಳಗೆ ರೋಗವಿಲ್ಲದ ದ್ವೀಪ ಒಂದು ಕಡೆ, ರೋಗ ಬೀದಿಬೀದಿಯಲ್ಲಿದ್ದ ದೇಶ ಇನ್ನೊಂದು ಕಡೆ. ಇಲ್ಲಿ ಕಲೆಕ್ಟರನ ಬಂಗಲೆಯಲ್ಲಿ ರಾಜಭೋಗದಲ್ಲಿದ್ದ ನಾಯಿ, ಅವನು ನಿವೃತ್ತನಾಗಿ ಊರಿಗೆ ಹೊರಟಾಗ ಆರು ತಿಂಗಳ ಸೆರೆಗೆ ಸಿದ್ಧವಾಗಬೇಕಿತ್ತು. ಖರ್ಚು ಒಡೆಯನದು. ಮುದಿ ನಾಯಿಗಳು ಆ ಒಂಟಿತನವನ್ನು ತಾಳಲಾರವೆಂದು ಎಷ್ಟೋ ಮಂದಿ ಅವನ್ನು ಇಲ್ಲಿಯೇ ಗೆಳೆಯರಿಗೋ ಬಟ್ಲರನಿಗೋ ಒಪ್ಪಿಸಿ ಹೋಗುತ್ತಿದ್ದರು. 1947ರಲ್ಲಿ ಬ್ರಿಟಿಷ್ ಕುಟುಂಬಗಳು ಗುಂಪುಗುಂಪಾಗಿ ಹೊರಟಾಗ, ಸಾಕಿದ ನಾಯಿಗಳನ್ನು ಪಶುವೈದ್ಯರ ಕೈಯಲ್ಲಿ ಕೊಲ್ಲಿಸಿಯೋ ತಾವೇ ಗುಂಡಿಕ್ಕಿಯೋ ಹೋದ ಸಂಗತಿಗಳು ಆ ಕಾಲದವರ ನೆನಪುಗಳಲ್ಲಿ ಬರುತ್ತವೆ. ಸಾಮ್ರಾಜ್ಯದ ಅಂತ್ಯವನ್ನು ಕುರಿತು ಬರೆದ ದಪ್ಪ ಪುಸ್ತಕಗಳಲ್ಲಿ ಇವಕ್ಕೆ ಒಂದು ಸಾಲು ಸಿಕ್ಕಿದರೆ ಹೆಚ್ಚು.

ಗೋಡೆ ಎಷ್ಟೇ ಎತ್ತರವಿದ್ದರೂ ಆರು ತಿಂಗಳೆಂಬುದು ಒಂದು ಅಂದಾಜು ಮಾತ್ರ. ಇದು 1969ರಲ್ಲಿ ಸಾಬೀತಾಯಿತು. ಜರ್ಮನಿಯಿಂದ ಬಂದ ಫ್ರಿಟ್ಜ್ ಎಂಬ ನಾಯಿ ಆರು ತಿಂಗಳ ಸೆರೆವಾಸವನ್ನು ನಿಯಮದಂತೆ ಮುಗಿಸಿ ಕ್ಯಾಂಬರ್ಲಿ ಎಂಬ ಊರಿನ ಮನೆಗೆ ಬಂದಿತು. ಕೆಲವೇ ದಿನಗಳಲ್ಲಿ ಅದಕ್ಕೆ ರೋಗ ಹೊರಬಿದ್ದು, ಇಬ್ಬರನ್ನು ಕಚ್ಚಿ, ಊರೆಲ್ಲ ಓಡಾಡಿತು. ಸುತ್ತಲಿನ ಕಾಡುಬಯಲುಗಳಲ್ಲಿದ್ದ ನರಿ ಮೊದಲಾದ ಪ್ರಾಣಿಗಳನ್ನು ಬೆಂಕಿಕೋವಿಗಳಿಂದ ಕೊಲ್ಲಲಾಯಿತು. ಮರುವರ್ಷ ನ್ಯೂಮಾರ್ಕೆಟ್ಟಿನಲ್ಲಿ ಪಾಕಿಸ್ತಾನದಿಂದ ಬಂದಿದ್ದ ಇನ್ನೊಂದು ನಾಯಿಗೂ ಸೆರೆ ಮುಗಿದ ಮೇಲೆಯೇ ರೋಗ ಕಂಡಿತು. ಥೇಮ್ಸ್ ನದಿಯ ನೌಕೆಯನ್ನು ಕಂಡು ನಕ್ಕಿದ್ದ ಜನ ಈಗ ನಗಲಿಲ್ಲ. ಸಮಿತಿ ಕುಳಿತಿತು, ಕಾನೂನುಗಳು ಬಿಗಿಯಾದವು, ಕದ್ದು ತಂದವರಿಗೆ ಜೈಲುಶಿಕ್ಷೆಯ ಎಚ್ಚರಿಕೆಗಳು ಬಂದರುಗಳ ಗೋಡೆಯ ಮೇಲೆ ಏರಿದವು. 1994ರಲ್ಲಿ ಸಮುದ್ರದಡಿಯ ಸುರಂಗ ತೆರೆದಾಗ ಇಂಗ್ಲಿಷರಿಗಿದ್ದ ಹೆದರಿಕೆಗಳಲ್ಲಿ ಒಂದು, ಫ್ರಾನ್ಸಿನ ಹುಚ್ಚುನರಿ ರೈಲುಹಳಿಯ ಮೇಲೆ ನಡೆದು ಬಂದೀತೆಂಬುದು!

ಆ ಹೆದರಿಕೆಯನ್ನು ಹಾಸ್ಯ ಮಾಡುವ ಮುನ್ನ ಯುರೋಪಿನ ನರಿಗಳ ಕಥೆಯನ್ನು ಹೇಳಬೇಕು. ಎರಡನೆಯ ಮಹಾಯುದ್ಧದ ಹೊತ್ತಿಗೆ ಪೋಲೆಂಡಿನ ಕಡೆ ನರಿಗಳಲ್ಲಿ ಕಾಣಿಸಿಕೊಂಡ ರೇಬೀಸ್ ವರ್ಷದಿಂದ ವರ್ಷಕ್ಕೆ ಪಡುವಣಕ್ಕೆ ಸರಿಯುತ್ತ 1968ರಲ್ಲಿ ಫ್ರಾನ್ಸನ್ನು ಮುಟ್ಟಿತ್ತು. ನರಿಗಳನ್ನು ಕೊಂದರು, ಬಿಲಗಳಿಗೆ ವಿಷವಾಯು ಹಾಕಿದರು, ರೋಗ ನಿಲ್ಲಲಿಲ್ಲ. ಕಾಡಿನ ನರಿಯನ್ನು ಹಿಡಿದು ಸೂಜಿ ಚುಚ್ಚುವುದಂತೂ ಆಗದ ಮಾತು. 1978ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ರೋನ್ ನದಿಯ ಕಣಿವೆಯಲ್ಲಿ ಒಂದು ವಿಚಿತ್ರ ಪ್ರಯೋಗವನ್ನು ಮಾಡಿದರು. ಕಸಾಯಿಖಾನೆಯಿಂದ ಕೋಳಿತಲೆಗಳನ್ನು ತರಿಸಿ, ದುರ್ಬಲಗೊಳಿಸಿದ ವೈರಸ್ಸಿನ ಲಸಿಕೆಯ ಪೊಟ್ಟಣವನ್ನು ಅವುಗಳ ಚರ್ಮದಡಿ ಇಟ್ಟು, ಕಣಿವೆಗೆ ಅಡ್ಡವಾಗಿ ಹರಡಿದರು. ನರಿ ಕೋಳಿತಲೆಯನ್ನು ಕಡಿಯಿತು. ಲಸಿಕೆ ಬಾಯಿಯಲ್ಲಿ ಒಡೆಯಿತು. ರೋಗ ಆ ಕಣಿವೆಯನ್ನು ದಾಟಲಿಲ್ಲ. ಆಮೇಲೆ ಕಾರ್ಖಾನೆಯಲ್ಲಿ ತಯಾರಾದ ತುತ್ತುಗಳು ಬಂದವು, ವಿಮಾನಗಳಿಂದ ಲಕ್ಷಗಟ್ಟಲೆ ಸುರಿದವು. 1999ಕ್ಕೆ ಸ್ವಿಟ್ಜರ್ಲೆಂಡೂ 2001ಕ್ಕೆ ಫ್ರಾನ್ಸೂ ರೋಗಮುಕ್ತವೆಂದು ಘೋಷಿತವಾದವು. ಬ್ರಿಟನ್ನಿನ ಗೋಡೆಯನ್ನು ಕೆಡವಿದ್ದು ನಾಯಿಪ್ರಿಯರ ಮನವಿಪತ್ರಗಳೆಂದು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಎಣಿಕೆಯಲ್ಲಿ ಆ ಕೀರ್ತಿಯ ದೊಡ್ಡ ಪಾಲು ಕೋಳಿತಲೆಗಳಿಗೆ ಸಲ್ಲಬೇಕು.

ಮನವಿಪತ್ರಗಳೂ ಇದ್ದವು, ಇಲ್ಲವೆನ್ನುವುದಿಲ್ಲ. 1997ರಲ್ಲಿ ಹಾಂಗ್‌ಕಾಂಗನ್ನು ಚೀನಕ್ಕೆ ಒಪ್ಪಿಸಿ ಹಿಂದಿರುಗಿದ ಕೊನೆಯ ಗವರ್ನರ್ ಕ್ರಿಸ್ ಪ್ಯಾಟನ್, ವಿಸ್ಕಿ ಮತ್ತು ಸೋಡಾ ಎಂಬ ತನ್ನ ಎರಡು ನಾಯಿಗಳನ್ನು ಸೆರೆಗೆ ಹಾಕಲೊಲ್ಲದೆ ಫ್ರಾನ್ಸಿನಲ್ಲಿ ಇರಿಸಿದ. ಗವರ್ನರನ ನಾಯಿಗಳಿಗೇ ಹೀಗಾದರೆ ಎಂಬ ಮಾತು ಎದ್ದಿತು. 1998ರಲ್ಲಿ ಇಯಾನ್ ಕೆನೆಡಿಯವರ ಅಧ್ಯಕ್ಷತೆಯ ತಜ್ಞರ ಮಂಡಳಿ ಹಳೆಯ ಪದ್ಧತಿಯನ್ನು ಬದಲಿಸಬಹುದೆಂದು ವರದಿ ಕೊಟ್ಟಿತು. 2000ದ ಫೆಬ್ರವರಿ 28ರಂದು ನಾಯಿ ಬೆಕ್ಕುಗಳ ಪ್ರಯಾಣದ ಹೊಸ ಯೋಜನೆ ಜಾರಿಗೆ ಬಂದಿತು: ಗುರುತು, ಲಸಿಕೆ, ರಕ್ತಪರೀಕ್ಷೆ. ಆದರೆ ಅದು ಯುರೋಪಿನ ಕೆಲವು ದೇಶಗಳಿಗೆ ಮಾತ್ರ. ಆಮೇಲೆ ಒಂದೊಂದಾಗಿ ಇತರ ದೇಶಗಳಿಗೆ. ಭಾರತದ ನಾಯಿಗೆ ಆರು ತಿಂಗಳ ಸೆರೆ 2011ರ ಕೊನೆಯವರೆಗೂ ತಪ್ಪಲಿಲ್ಲ. 2012ರ ಜನವರಿ 1ರಿಂದ ಅದೂ ಹೋಯಿತು.

ಈ ಹೊಸ ವ್ಯವಸ್ಥೆಯನ್ನು ನಾನು ಪುಸ್ತಕದಿಂದ ತಿಳಿದದ್ದಕ್ಕಿಂತ ಹೆಚ್ಚಾಗಿ ನನ್ನ ತಂಗಿಯ ಮಗಳ ನಾಯಿಯಿಂದ ತಿಳಿದೆ. ಬೆಂಗಳೂರಿನಲ್ಲಿದ್ದ ಅವಳಿಗೆ ಲಂಡನ್ನಿನಲ್ಲಿ ಕೆಲಸವಾಯಿತು. ನಾಯಿಯ ಹೆಸರು ಕರಿಯ. ಮಳೆಗಾಲದಲ್ಲಿ ಅವರ ಬೀದಿಯ ಚರಂಡಿಯ ಪಕ್ಕದಲ್ಲಿ ಹುಟ್ಟಿ ಅವರ ಮೆಟ್ಟಿಲ ಮೇಲೆ ಬೆಳೆದದ್ದು. ಜಾತಿ ಕುಲಗಳ ಪತ್ರ ಇಲ್ಲದ ಆ ಪ್ರಾಣಿಗೆ ಬೇಕಾದ ಕಾಗದಗಳ ಕಟ್ಟನ್ನು ನೋಡಿದರೆ ಅವಳ ಸ್ವಂತ ವೀಸಾ ಸಣ್ಣದೆನಿಸುತ್ತಿತ್ತು.

ಮೊದಲು ಗುರುತು. ಅಕ್ಕಿಯ ಕಾಳಿನಷ್ಟಿರುವ ಚಿಪ್ಪನ್ನು ಭುಜಗಳ ನಡುವೆ ಚರ್ಮದಡಿಯಲ್ಲಿ ಸೇರಿಸುತ್ತಾರೆ. ಯಂತ್ರ ಹಿಡಿದರೆ ಹದಿನೈದು ಅಂಕಿಗಳ ಸಂಖ್ಯೆ ಕಾಣುತ್ತದೆ. ಲಸಿಕೆ ಆಮೇಲೆ, ಅಥವಾ ಅದೇ ದಿನ. ಯಾವ ನಾಯಿಗೆ ಲಸಿಕೆ ಬಿದ್ದಿತೆಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿಯಾದ್ದರಿಂದ ಕ್ರಮ ಹಿಂದುಮುಂದಾಗುವಂತಿಲ್ಲ. ಅವರು ಮೊದಲು ಹೋದ ಚಿಕಿತ್ಸಾಲಯದಲ್ಲಿ ಲಸಿಕೆಯನ್ನು ಈ ದಿನ ಹಾಕಿ, ಚಿಪ್ಪು ಮುಗಿದಿದೆಯೆಂದು ಮುಂದಿನ ವಾರ ಹಾಕಿದರು. ದಾಖಲೆಗಳನ್ನು ಪರಿಶೀಲಿಸುವಾಗ ಇದು ಬೆಳಕಿಗೆ ಬಂದು, ಲಸಿಕೆಯನ್ನು ಮತ್ತೆ ಹಾಕಿಸಬೇಕಾಯಿತು. ಒಂದು ತಿಂಗಳಿಗಿಂತ ಹೆಚ್ಚು ಕಾಲ ವ್ಯರ್ಥವಾಯಿತು. ಲಸಿಕೆಯಾಗಿ ಮೂವತ್ತು ದಿನ ಕಳೆದ ಮೇಲೆ ರಕ್ತ. ಅದರ ಸೀರಮ್ಮನ್ನು ಬೇರ್ಪಡಿಸಿ, ಮಂಜುಗಡ್ಡೆಯಲ್ಲಿಟ್ಟು, ಯುರೋಪಿನ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿದರು. ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ಟಿಗೆ ಕಡಿಮೆಯಿಲ್ಲದಷ್ಟು ಪ್ರತಿಕಾಯಗಳಿರಬೇಕು. ಕರಿಯನಲ್ಲಿ ಬೇಕಾದದ್ದಕ್ಕಿಂತ ಬಹಳ ಹೆಚ್ಚೇ ಇದ್ದವು. ಉತ್ತರ ಬಂದ ದಿನ ಮನೆಯಲ್ಲಿ ಪರೀಕ್ಷೆಯಲ್ಲಿ ಪಾಸಾದ ಸಂಭ್ರಮ. ಆದರೆ ರಕ್ತ ತೆಗೆದ ದಿನದಿಂದ ಇನ್ನೂ ಮೂರು ತಿಂಗಳು ಕಾಯಬೇಕು.

"ಪಾಸಾದ ಮೇಲೂ ಯಾಕೆ ಕಾಯಬೇಕು, ಮಾವ? ಇವನಿಗೆ ರೋಗ ಇಲ್ಲ ಅಂತ ಅವರೇ ಬರೆದುಕೊಟ್ಟಿದ್ದಾರಲ್ಲ" ಎಂದಳು ಹುಡುಗಿ.

"ರೋಗ ಇಲ್ಲ ಅಂತ ಬರೆದಿಲ್ಲ, ಪುಟ್ಟಿ. ಲಸಿಕೆ ಹತ್ತಿದೆ ಅಂತ ಬರೆದಿದ್ದಾರೆ. ಲಸಿಕೆಗೆ ಮುಂಚೆಯೇ ಎಲ್ಲಾದರೂ ಕಚ್ಚಿಸಿಕೊಂಡಿದ್ದರೆ?"

ಕಾರಣ ಅದೇ. ಮೊದಲೇ ಒಳಹೊಕ್ಕಿರಬಹುದಾದ ರೋಗಕ್ಕೆ ಇಂದಿಗೂ ಕಾಲವೇ ಪರೀಕ್ಷೆ. ವಾಲ್ಟರ್ ಲಾಂಗ್‌ನ ಕಾಲಕ್ಕೂ ಇಂದಿಗೂ ಇರುವ ವ್ಯತ್ಯಾಸ ಇಷ್ಟು: ಅಂದು ಕಾಯುವುದು ಅಲ್ಲಿ, ಒಡೆಯನಿಲ್ಲದ ಕೊಟ್ಟಿಗೆಯಲ್ಲಿ; ಇಂದು ಕಾಯುವುದು ಇಲ್ಲಿ, ನಾಯಿಯ ಸ್ವಂತ ಮನೆಯಲ್ಲಿ. ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಮೊದಲ ಸೂಜಿಯಿಂದ ವಿಮಾನ ಹತ್ತುವವರೆಗೆ ಕರಿಯನಿಗೆ ಹಿಡಿದದ್ದು ಹೆಚ್ಚುಕಡಿಮೆ ಆರು ತಿಂಗಳು!

ಆ ತಿಂಗಳುಗಳನ್ನು ಹುಡುಗಿ ವ್ಯರ್ಥ ಮಾಡಲಿಲ್ಲ. ವಿಮಾನದ ಪೆಟ್ಟಿಗೆಯನ್ನು ಮೊದಲೇ ತಂದು ನಡುಮನೆಯಲ್ಲಿಟ್ಟಳು. ನಾಯಿ ಅದರಲ್ಲಿ ತಲೆ ತಗುಲದೆ ನಿಲ್ಲಬೇಕು, ಸುತ್ತ ತಿರುಗಬೇಕು, ಕಾಲು ಚಾಚಿ ಮಲಗಬೇಕು ಎಂಬುದು ವಿಮಾನಸಂಸ್ಥೆಗಳ ನಿಯಮ. ಬೀದಿಯಲ್ಲಿ ಹುಟ್ಟಿದ ಪ್ರಾಣಿಗೆ ಬಾಗಿಲಿರುವ ಜಾಗವೆಂದರೆ ಅನುಮಾನ. ಮೊದಲ ವಾರ ಬಾಗಿಲನ್ನೇ ಕಳಚಿ, ಊಟದ ತಟ್ಟೆಯನ್ನು ಪೆಟ್ಟಿಗೆಯ ಬಾಯಲ್ಲಿಟ್ಟಳು. ದಿನಕ್ಕೊಂದು ಗೇಣು ಒಳಕ್ಕೆ ಸರಿಸಿದಳು. ತನ್ನ ಹಳೆಯ ಸೀರೆಯೊಂದನ್ನು ಹಾಸಿದಳು. ಬಾಗಿಲು ಹಾಕಿದ್ದು ಎರಡು ತಿಂಗಳ ಮೇಲೆ, ಅದೂ ಐದು ನಿಮಿಷ. ಕೊನೆಗೆ ಮಧ್ಯಾಹ್ನದ ನಿದ್ದೆಗೆ ಅವನು ತಾನಾಗಿಯೇ ಅದರೊಳಗೆ ಹೋಗುತ್ತಿದ್ದ. ದಾರಿಯಲ್ಲಿ ಗಲಾಟೆ ಮಾಡದಿರಲೆಂದು ಮತ್ತಿನ ಮದ್ದು ಕೊಡಿಸಿರೆಂದು ಅಕ್ಕಪಕ್ಕದವರು ಸಲಹೆ ಕೊಟ್ಟರು. ಅದು ತಪ್ಪು. ಮದ್ದಿನ ಮಂಕಿನಲ್ಲಿರುವ ಪ್ರಾಣಿಗೆ ಎತ್ತರದಲ್ಲಿ ಉಸಿರಾಟಕ್ಕೂ ರಕ್ತದೊತ್ತಡಕ್ಕೂ ಅಪಾಯವಿರುವುದರಿಂದ ವಿಮಾನಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಕೊನೆಯ ಹತ್ತು ದಿನಗಳು ಓಟದ ದಿನಗಳು. ಆರೋಗ್ಯಪತ್ರಕ್ಕೆ ಹತ್ತು ದಿನಗಳಷ್ಟೇ ಆಯುಸ್ಸು. ಹೊರಡುವ ಮುನ್ನ ಲಾಡಿಹುಳುವಿನ ಮಾತ್ರೆ. ಇಳಿಯುವ ಹೊತ್ತಿಗೆ ಅದು ಇಪ್ಪತ್ತನಾಲ್ಕು ಗಂಟೆಗಿಂತ ಹೊಸದಾಗಿರಬಾರದು, ನೂರಿಪ್ಪತ್ತು ಗಂಟೆಗಿಂತ ಹಳೆಯದಾಗಿರಬಾರದು, ವೈದ್ಯರು ದಿನದ ಜೊತೆಗೆ ವೇಳೆಯನ್ನೂ ಬರೆದಿರಬೇಕು. ನರಿ ನಾಯಿಗಳ ಕರುಳಿನಲ್ಲಿದ್ದು ಮನುಷ್ಯನ ಈಲಿಯನ್ನು ಕೆಡಿಸುವ ಒಂದು ಹುಳು ಬ್ರಿಟನ್ನಿನಲ್ಲಿಲ್ಲ. ಅದೂ ಬಾರದಿರಲೆಂದು ಈ ಕಟ್ಟಳೆ. ಕೇಂದ್ರ ಸರ್ಕಾರದ ಪ್ರಾಣಿ ಸಂಗರೋಧ ಕಚೇರಿಯ ಅಧಿಕಾರಿಗಳು ನಾಯಿಯನ್ನು ಕಣ್ಣಾರೆ ನೋಡಿ, ಸಂಖ್ಯೆಯನ್ನು ಯಂತ್ರದಿಂದ ಓದಿ ಸಹಿ ಹಾಕಿದರು. ಬ್ರಿಟನ್ನಿಗೆ ವಿಮಾನದಲ್ಲಿ ಹೋಗುವ ನಾಯಿ ಪ್ರಯಾಣಿಕನಲ್ಲ. ಸರಕುಪಟ್ಟಿಯಲ್ಲಿ ದಾಖಲಾದ ಸರಕು. ಹೀತ್ರೋ ನಿಲ್ದಾಣದಲ್ಲಿ ಪ್ರಾಣಿಗಳಿಗೆಂದೇ ಇರುವ ಸ್ವಾಗತಕೇಂದ್ರದಲ್ಲಿ ಕಾಗದಗಳನ್ನು ನೋಡಿ ಬಿಟ್ಟುಕೊಡುತ್ತಾರೆ. ಕರಿಯನನ್ನು ಕೆಲವು ಗಂಟೆಗಳಲ್ಲಿ ಬಿಟ್ಟುಕೊಟ್ಟರಂತೆ.

ಎಲ್ಲ ದೇಶಗಳೂ ಬ್ರಿಟನ್ನಿನಷ್ಟು ಸಡಿಲವಾಗಿಲ್ಲ. 1950ರಲ್ಲಿ ಕಾನೂನು ಮಾಡಿ 1957ರ ಹೊತ್ತಿಗೆ ರೋಗವನ್ನು ಅಳಿಸಿದ ಜಪಾನು ರಕ್ತಪರೀಕ್ಷೆಯ ನಂತರ 180 ದಿನ ಕಾಯಿಸುತ್ತದೆ. ಆಸ್ಟ್ರೇಲಿಯವಂತೂ ಭಾರತದ ನಾಯಿಯನ್ನು ನೇರವಾಗಿ ಒಳಗೆ ಬಿಡುವುದೇ ಇಲ್ಲ. ತಾನು ಒಪ್ಪಿದ ಮೂರನೆಯ ದೇಶದ ಮೂಲಕ ಹೋಗಬೇಕು, ಹೋದ ಮೇಲೂ ಮೆಲ್ಬರ್ನ್ ಬಳಿಯ ಮಿಕಲ್‌ಹ್ಯಾಮಿನಲ್ಲಿ ಪ್ರತ್ಯೇಕವಾಸ.

ಈ ಕಟ್ಟಳೆಗಳನ್ನು ಕಂಡು ನಮ್ಮ ದೇಶಕ್ಕೆ ಅವಮಾನವಾಯಿತೆಂದು ಸಿಟ್ಟಾದವರನ್ನು ನಾನು ಕಂಡಿದ್ದೇನೆ. ಸಿಟ್ಟಿಗೆ ಕಾರಣ ಇಲ್ಲದಿಲ್ಲ, ಆದರೆ ಅದು ತಿರುಗಬೇಕಾದ ದಿಕ್ಕು ಬೇರೆ. ನಮ್ಮಲ್ಲಿ ಜ್ಞಾನಕ್ಕೆ ಕೊರತೆಯಿಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆಯುಂಟು. ನಿಮ್ಹಾನ್ಸಿನ ವೈರಸ್ ವಿಭಾಗದ ಹೆಸರು ಈ ರೋಗದ ಅಧ್ಯಯನದಲ್ಲಿ ಲೋಕಕ್ಕೇ ಪರಿಚಿತ. ಲಸಿಕೆಯನ್ನು ನಾವೇ ತಯಾರಿಸುತ್ತೇವೆ. ಇಷ್ಟಾದರೂ ವರ್ಷವರ್ಷವೂ ಸಾವಿರಾರು ಜನ, ಅವರಲ್ಲಿ ಬಹಳ ಮಂದಿ ಮಕ್ಕಳು, ಈ ರೋಗದಿಂದ ಸಾಯುತ್ತಾರೆ. ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿದುಹೋಗುತ್ತದೆಂಬುದು ತಿಳಿದ ವಿಷಯ. ನೆರೆಯ ಗೋವೆಯಲ್ಲಿ ಬಲೆ ಹಿಡಿದು ಬೀದಿಬೀದಿ ಸುತ್ತಿ ಅದನ್ನು ಮಾಡಿದರು. 2021ರಲ್ಲಿ ಅದು ರೇಬೀಸ್ ನಿಯಂತ್ರಿತ ರಾಜ್ಯವೆಂದು ಘೋಷಿತವಾಯಿತು. ಗೋವೆಗೆ ಸಮುದ್ರದ ಗೋಡೆ ಒಂದೇ ಕಡೆ. ಉಳಿದ ಕಡೆಗಳಲ್ಲಿ ನಮ್ಮ ಬೆಳಗಾವಿಯೂ ಕಾರವಾರವೂ ಮಹಾರಾಷ್ಟ್ರವೂ ಇವೆ.

ಕರಿಯ ಒಂದೇ ಸೂಲಿನಲ್ಲಿ ಹುಟ್ಟಿದವನಲ್ಲ, ಅವನಿಗೆ ಒಡಹುಟ್ಟುಗಳಿವೆ. ಅವನು ಲಂಡನ್ನಿಗೆ ಹೋದ ಮರುತಿಂಗಳು ನಾನು ತಂಗಿಯ ಮನೆಯಲ್ಲಿದ್ದಾಗ, ಪಾಲಿಕೆಯ ಕಡೆಯವರು ಲಸಿಕೆಯ ಪೆಟ್ಟಿಗೆಯೊಡನೆ ಆ ಬೀದಿಗೆ ಬಂದರು. ಅವನ ಅಕ್ಕನನ್ನೋ ತಂಗಿಯನ್ನೋ, ಬಿಳಿಯ ಮಚ್ಚೆಯ ಒಂದು ಹೆಣ್ಣುನಾಯಿಯನ್ನು ಬಲೆಯಲ್ಲಿ ಹಿಡಿದು, ಒಂದು ಸೂಜಿ ಚುಚ್ಚಿ, ಬೆನ್ನಿಗೆ ಹಸಿರು ಬಣ್ಣದ ಗೀಟು ಎಳೆದು ಬಿಟ್ಟರು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಅದು ಮೈ ಒದರಿಕೊಂಡು ಮೋರಿಯ ಆಚೆಗೆ ಓಡಿತು. ಅದರ ಹಿಂದೆ ಓಡಿದ ಇನ್ನೆರಡು ಬಲೆಗೆ ಸಿಗಲಿಲ್ಲ.